ಮಡಿಕೇರಿಯಲ್ಲಿ ಬಾಡಿಗೆ ಮನೆ: ಹಿಂದೆ ಕಡಿದ ಗುಡ್ಡ ಇರುವುದೋ, ಬಿಸಿಲು ಬಾರದ್ದೋ?

ರಾಣೆಬೆನ್ನೂರಿನ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕ. ಮಡಿಕೇರಿಗೆ ಬಂದು ಎರಡು ತಿಂಗಳಾಯಿತು. ಸದ್ಯ ಸಹೋದ್ಯೋಗಿಯೊಬ್ಬರ ಕೋಣೆಯಲ್ಲಿದ್ದೇನೆ. ಮೇ ಮುಗಿಯುವುದರೊಳಗೆ ಹೆಂಡತಿ, ಆರು ವರ್ಷದ ಮಗಳು ಮತ್ತು ಅಮ್ಮನನ್ನು ಕರೆತರಬೇಕು. ಮಗಳಿಗೆ ಉಬ್ಬಸ ಇದೆ, ಅಮ್ಮನಿಗೆ ಮಂಡಿನೋವು.

ಹದಿನೈದು ದಿನ ಅಲೆದು ಎರಡು ಮನೆಗಳನ್ನು ಆರಿಸಿಟ್ಟುಕೊಂಡಿದ್ದೇನೆ. ಒಂದು ಊರಂಚಿನಲ್ಲಿದೆ, ಕಟ್ಟಿ ಮೂರು ವರ್ಷವಾಗಿದೆ. ಎರಡು ಮಲಗುವ ಕೋಣೆ, ದೊಡ್ಡ ಕಿಟಕಿ, ಕಿಟಕಿ ತೆರೆದರೆ ಕಣಿವೆ. ಬಾಡಿಗೆ 14,000, ಮುಂಗಡ ಒಂದೂವರೆ ಲಕ್ಷ. ಮನೆಯ ಹಿಂದೆ ಗುಡ್ಡ ಕಡಿದ ಮಣ್ಣಿನ ಗೋಡೆ ಇಪ್ಪತ್ತು ಅಡಿ ಎತ್ತರ ನಿಂತಿದೆ. ಮಾಲೀಕರದು ಒಂದು ಷರತ್ತು: ‘ಏಪ್ರಿಲ್, ಮೇ ರಜೆಯಲ್ಲಿ ನೀವು ಹೇಗೂ ಊರಿಗೆ ಹೋಗುತ್ತೀರಿ. ಸಾಮಾನನ್ನು ಒಂದು ಕೋಣೆಯಲ್ಲಿಟ್ಟು ಬೀಗ ಹಾಕಿಕೊಳ್ಳಿ, ಉಳಿದದ್ದನ್ನು ನಾವು ಪ್ರವಾಸಿಗರಿಗೆ ಕೊಡುತ್ತೇವೆ. ಆ ಎರಡು ತಿಂಗಳು ಅರ್ಧ ಬಾಡಿಗೆ ಸಾಕು.’

ಇನ್ನೊಂದು ಮಹದೇವಪೇಟೆಯ ಕಡೆ, ಹಳೆಯ ಹೆಂಚಿನ ಮನೆ. ಬಾಡಿಗೆ 9,000, ಮುಂಗಡ 60,000. ಪೇಟೆಗೆ ಹತ್ತಿರ, ಹತ್ತಲು ಮೆಟ್ಟಿಲು ಕಡಿಮೆ. ಆದರೆ ಕಿಟಕಿ ಇರುವುದು ಒಂದೇ ಬದಿಗೆ. ಹಗಲಲ್ಲೂ ದೀಪ ಹಾಕಬೇಕು. ಗೋಡೆಗೆ ಈಗಷ್ಟೇ ಸುಣ್ಣಬಣ್ಣ ಆಗಿದೆ.

ನನ್ನ ಮನಸ್ಸು ಮೊದಲ ಮನೆಯ ಕಡೆಗಿದೆ. ಇಲ್ಲಿನ ಮಳೆಗಾಲವನ್ನು ನಾನು ಕಂಡಿಲ್ಲ. ಕಂಡವರು ಹೇಳಿ.

ಹಸಿರು ಛತ್ರಿ

ಎರಡೂ ಬೇಡ.

ಕನ್ನಂಡಬಾಣೆಯ ಅಕ್ಕ

ಮೇಷ್ಟ್ರೇ, ಹೊಸ ಬಣ್ಣ ಹಚ್ಚಿದ ಗೋಡೆಯನ್ನು ಕಣ್ಣಿನಿಂದ ನೋಡಬೇಡಿ, ಕೈಯಿಂದ ನೋಡಿ. ನೆಲದಿಂದ ಎರಡು ಅಡಿಯವರೆಗೆ ಅಂಗೈ ಒತ್ತಿ. ತಣ್ಣಗಿದ್ದು ಕೈಗೆ ಸುಣ್ಣದ ಹುಡಿ ಅಂಟಿದರೆ ಆ ಗೋಡೆ ನೆಲದಿಂದ ನೀರು ಹೀರುತ್ತಿದೆ ಎಂದು ಅರ್ಥ. ಮಾರ್ಚ್‌ನಲ್ಲೇ ತಣ್ಣಗಿದ್ದರೆ ಜುಲೈಯಲ್ಲಿ ಅದರ ಮೇಲೆ ಬೂಷ್ಟು ಬೆಳೆಯುತ್ತದೆ.

ನಾನು ಮದುವೆಯಾಗಿ ಬಂದ ವರ್ಷ ಅಂಥದ್ದೇ ಮನೆಯಲ್ಲಿದ್ದೆ. ಬೀರುವನ್ನು ಗೋಡೆಗೆ ಒತ್ತಿ ಇಟ್ಟಿದ್ದೆವು. ಆಗಸ್ಟ್‌ನಲ್ಲಿ ತೆರೆದು ನೋಡಿದರೆ ಧಾರೆ ಸೀರೆಯ ಮಡಿಕೆಗಳ ಮೇಲೆ ಬೂದು ಬಣ್ಣದ ಹೂವು ಹರಡಿದಂತೆ ಬೂಷ್ಟು ಹಿಡಿದಿತ್ತು. ಜರಿ ಕಪ್ಪಾಗಿತ್ತು. ಸೀರೆ ಕೊಡವಿದಾಗ ಎದ್ದ ಹುಡಿಗೆ ಎಷ್ಟು ಕೆಮ್ಮಿದೆನೆಂದರೆ ಪಕ್ಕದ ಮನೆಯವರು ಬಂದು ನೋಡಿದರು. ಮಗುವಿಗೆ ಉಬ್ಬಸ ಇದೆ ಎನ್ನುತ್ತೀರಿ. ಆ ಕತ್ತಲೆ ಮನೆಯನ್ನು ಮರೆತುಬಿಡಿ.

ಸಿಸ್ಟರ್ 17

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಆಸ್ಪತ್ರೆಯಲ್ಲಿ ಶುಶ್ರೂಷಕಿ. ಮಳೆಗಾಲದ ನಡುವೆ ಉಬ್ಬಸದ ಮಕ್ಕಳು ಬಂದಾಗ ಮನೆಯ ಗೋಡೆ ಹೇಗಿದೆ, ಮಂಚ ಯಾವ ಗೋಡೆಗೆ ಒರಗಿದೆ ಎಂದು ಕೇಳುವುದು ನನಗೆ ರೂಢಿಯಾಗಿಬಿಟ್ಟಿದೆ. ಬಿಸಿಲು ಮತ್ತು ಎದುರುಬದುರು ಕಿಟಕಿ, ಇವೆರಡನ್ನು ಬಿಟ್ಟು ಬೇರೆ ಯಾವುದರಲ್ಲಿ ಬೇಕಾದರೂ ರಾಜಿ ಮಾಡಿಕೊಳ್ಳಿ.

ಮಕ್ಕಂದೂರು ಕಡೆಯವ

ಮೊದಲ ಮನೆಯ ಬಗ್ಗೆ ನಾನು ಹೇಳುತ್ತೇನೆ. ನೀವು ಮಣ್ಣಿನ ಗೋಡೆ ಎಂದು ಬರೆದಿರುವುದನ್ನು ನಾವು ಬರೆ ಎನ್ನುತ್ತೇವೆ. ‘ಬರೆ ಜರಿಯಿತು’ ಎಂಬ ಮಾತು ಇಲ್ಲಿ ಪ್ರತಿ ಮಳೆಗಾಲದಲ್ಲೂ ಕಿವಿಗೆ ಬೀಳುತ್ತದೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು, ಜೋಡುಪಾಲ ಎಲ್ಲ ಕಡೆ ಬೆಟ್ಟಗಳೇ ಇಳಿದು ಬಂದವು. ನಮ್ಮ ಮನೆ ಉಳಿಯಿತು, ಕೆಳಗಿನ ಗದ್ದೆ ಮತ್ತು ಅರ್ಧ ಕಾಫಿ ತೋಟ ಹೋಯಿತು. ಹೋಗುವ ಹಿಂದಿನ ದಿನ ಹಿತ್ತಿಲ ಬರೆಯಿಂದ ಎಂದೂ ಇಲ್ಲದ ಕಡೆ ನೀರು ಚಿಮ್ಮುತ್ತಿತ್ತು. ಬೆಳಿಗ್ಗೆ ತಿಳಿಯಾಗಿದ್ದ ನೀರು ಸಂಜೆಗೆ ಹಾಲು ಹಾಕಿದ ಚಹಾದಂತೆ ಕೆಂಪಾಯಿತು. ಅಪ್ಪ ಅದನ್ನು ನೋಡಿ ಒಂದು ಮಾತೂ ಆಡದೆ ಒಳಗೆ ಬಂದು ದನದ ಹಗ್ಗ ಬಿಚ್ಚಿದರು. ಆ ರಾತ್ರಿ ನಾವು ಮನೆಯಲ್ಲಿ ಇರಲಿಲ್ಲ. ಇಂದು ನಾನು ಇದನ್ನು ಬರೆಯುತ್ತಿದ್ದರೆ ಆ ಕೆಂಪು ನೀರನ್ನು ಅಪ್ಪ ಓದಿದ್ದರಿಂದ.

ಆ ವರ್ಷ ಹಾನಿಯಾದದ್ದು ಹಳ್ಳಿಗಳಲ್ಲಿ ಮಾತ್ರವಲ್ಲ. ಮಡಿಕೇರಿ ಪಟ್ಟಣದ ಒಳಗೇ ಇಂದಿರಾ ನಗರ, ಚಾಮುಂಡೇಶ್ವರಿ ನಗರಗಳಲ್ಲಿ ಮನೆಗಳು ಕುಸಿದವು. ಬಾಡಿಗೆ ಮನೆ ಎಂದರೆ ಬರೀ ನಾಲ್ಕು ಗೋಡೆಯಲ್ಲ ಸರ್, ಅದರ ಮೇಲಿನ ಗುಡ್ಡ ಮತ್ತು ಕೆಳಗಿನ ಇಳಿಜಾರನ್ನೂ ಸೇರಿಸಿಯೇ ನೋಡಬೇಕು.

ಹಸಿರು ಛತ್ರಿ

ಅದಕ್ಕೇ ಎರಡೂ ಬೇಡ ಎಂದೆ.

ಮನೆ ಕೊಡುವವನು

ಎಲ್ಲ ಬರೆಯೂ ಜರಿಯುವುದಿಲ್ಲ. ಹೊಸಬರನ್ನು ಹೀಗೆ ಹೆದರಿಸಿದರೆ ಮಡಿಕೇರಿಯಲ್ಲಿ ಮನೆಯನ್ನೇ ಹಿಡಿಯಲಾರರು. ಇಡೀ ಊರೇ ಗುಡ್ಡದ ಮೇಲಿದೆ. ಸಮತಟ್ಟು ಬೇಕೆಂದರೆ ಗುಡ್ಡ ಕಡಿಯಲೇಬೇಕು. ನನ್ನ ಮನೆಯ ಹಿಂದೆಯೂ ಬರೆ ಇದೆ, ಮೂವತ್ತು ವರ್ಷದಿಂದ ನಿಂತಿದೆ. ತಡೆಗೋಡೆ ಸರಿಯಾಗಿದ್ದರೆ ಭಯವಿಲ್ಲ.

ಸೈಟ್ ಇಂಜಿನಿಯರ್

‘ಸರಿಯಾಗಿದ್ದರೆ’ ಎಂಬ ಮಾತಿನಲ್ಲೇ ಎಲ್ಲ ಇದೆ. ಮೇಷ್ಟ್ರೇ, ಹೋಗಿ ಇವಿಷ್ಟನ್ನು ನೋಡಿ.

ತಡೆಗೋಡೆ ಇದೆಯೇ, ಬರೀ ಮಣ್ಣೇ? ಗೋಡೆ ಇದ್ದರೆ ಅದರಲ್ಲಿ ಸಾಲಾಗಿ ತೂತುಗಳಿವೆಯೇ? ಹಿಂದಿನ ಮಣ್ಣು ಕುಡಿದ ನೀರು ಅಲ್ಲಿಂದ ಹೊರಬರಬೇಕು. ತೂತಿಲ್ಲದ ಗೋಡೆ, ಅಥವಾ ಸಿಮೆಂಟ್ ಮೆತ್ತಿ ತೂತು ಮುಚ್ಚಿದ ಗೋಡೆ, ಗೋಡೆ ಇಲ್ಲದಿರುವುದಕ್ಕಿಂತ ಅಪಾಯ. ನೀರಿನ ಭಾರವೆಲ್ಲ ಅದರ ಬೆನ್ನಿಗೆ ಬೀಳುತ್ತದೆ. ಗುಡ್ಡದ ತಲೆಯ ಮೇಲೆ ಯಾರ ಮನೆಯ ಬಚ್ಚಲು ನೀರು, ಇಂಗುಗುಂಡಿ ಇದೆ ಎಂದು ಹತ್ತಿ ನೋಡಿ. ಬರೆಯ ಮೇಲಿನ ಮರಗಳ ಬುಡ ಬಿಲ್ಲಿನಂತೆ ಬಾಗಿ ಮೇಲೆ ನೆಟ್ಟಗಾಗಿದ್ದರೆ ಆ ಮಣ್ಣು ವರ್ಷವರ್ಷವೂ ಒಂದಿಷ್ಟು ಕೆಳಗೆ ಸರಿಯುತ್ತಿದೆ. ಮನೆಯ ಹಿಂಗೋಡೆಗೂ ಬರೆಗೂ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ? ಇಪ್ಪತ್ತು ಅಡಿ ಬರೆಗೆ ನಾಲ್ಕು ಅಡಿ ಜಾಗ ಬಿಟ್ಟಿದ್ದರೆ ಮಣ್ಣು ಜರಿದ ಕೂಡಲೇ ನೇರ ಅಡುಗೆಮನೆಯೊಳಗೆ ಬರುತ್ತದೆ.

‘ಮೂವತ್ತು ವರ್ಷದಿಂದ ನಿಂತಿದೆ’ ಎಂಬುದು ಲೆಕ್ಕಕ್ಕೆ ಬರುವುದಿಲ್ಲ ಸರ್. 2018ರಲ್ಲಿ ಜರಿದವುಗಳಲ್ಲಿ ಅದಕ್ಕಿಂತ ಹಳೆಯವೂ ಇದ್ದವು.

ಬಾಗಿಲು ಬಿಗಿ

ನಮ್ಮ ಮನೆಯಲ್ಲಿ ಜೂನ್ ಬಂದರೆ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಇದೂ ಭೂಮಿ ಸರಿಯುವ ಲಕ್ಷಣವೇ? ಓದಿ ಎದೆ ಡವಡವ ಎನ್ನುತ್ತಿದೆ.

ಸೈಟ್ ಇಂಜಿನಿಯರ್

ಬಾಗಿಲು ಮಾತ್ರ ಬಿಗಿಯಾದರೆ ಅದು ಮರ ತೇವ ಕುಡಿದು ಉಬ್ಬಿದ್ದು. ಮಳೆ ನಿಂತ ಮೇಲೆ ಸರಿಹೋಗುತ್ತದೆ. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಬಿರುಕು ಎದ್ದಿದ್ದರೆ ಮಾತು ಬೇರೆ. ಆ ಬಿರುಕಿಗೆ ಅಡ್ಡಲಾಗಿ ಗಾಜಿನ ಸಣ್ಣ ಪಟ್ಟಿಯನ್ನು ಸಿಮೆಂಟಿನಿಂದ ಅಂಟಿಸಿ ಪಕ್ಕದಲ್ಲಿ ತಾರೀಕು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಕದಲುತ್ತಿದೆ ಎಂದು ತಿಳಿದು ಮನೆ ಬಿಡಿ.

ಕುಶಾಲನಗರ ಬಸ್ಸು

ನಾನು ಹೇಳುವುದು ಸುಲಭದ ದಾರಿ. ಕುಶಾಲನಗರದಲ್ಲಿ ಮನೆ ಮಾಡಿ. ಮಡಿಕೇರಿಗೆ 30 ಕಿ.ಮೀ., ಬಸ್ಸುಗಳು ಬೇಕಾದಷ್ಟಿವೆ. ನೆಲ ಸಮತಟ್ಟು, ಬಿಸಿಲು ಧಾರಾಳ, ಮಳೆ ಮಡಿಕೇರಿಯ ಅರ್ಧವೂ ಇಲ್ಲ. 9,000ಕ್ಕೆ ಎರಡು ಕೋಣೆಯ ಒಳ್ಳೆಯ ಮನೆ ನನಗೆ ಸಿಕ್ಕಿದೆ. ಆರು ವರ್ಷದಿಂದ ಓಡಾಡುತ್ತಿದ್ದೇನೆ.

ಹೊಳೆದಂಡೆ

ಕುಶಾಲನಗರದಲ್ಲಿ ಎಲ್ಲಿ ಎಂಬುದನ್ನೂ ಹೇಳಿ ಸರ್. ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳಿಗೆ 2018ರಲ್ಲೂ 2019ರಲ್ಲೂ ಕಾವೇರಿ ನುಗ್ಗಿದ್ದು ಮರೆತುಹೋಯಿತೇ? ನಮ್ಮ ಅತ್ತೆಯ ಮನೆಯಲ್ಲಿ ನೀರು ಇಳಿದ ಮೇಲೂ ಗೋಡೆಯ ಮೇಲೆ ಎದೆಮಟ್ಟದಲ್ಲಿ ಕೆಸರಿನ ಗೆರೆ ಉಳಿದಿತ್ತು. ಎರಡು ಸಲ ಬಣ್ಣ ಹೊಡೆಸಿದರೂ ಮಳೆ ಬಂದಾಗ ಗೆರೆ ಮತ್ತೆ ಮೂಡುತ್ತಿತ್ತು.

ಕುಶಾಲನಗರ ಬಸ್ಸು

ಒಪ್ಪುತ್ತೇನೆ. ಹೊಳೆಯಿಂದ ದೂರ, ಎತ್ತರದ ಕಡೆ ನೋಡಬೇಕು. ಅದನ್ನು ಮೊದಲೇ ಬರೆಯಬೇಕಿತ್ತು.

ರಾಣೆಬೆನ್ನೂರಿನ ಮೇಷ್ಟ್ರು

ಇಷ್ಟೊಂದು ಜನ ಬರೆಯುತ್ತೀರಿ ಎಂದುಕೊಂಡಿರಲಿಲ್ಲ, ಎಲ್ಲರಿಗೂ ಕೃತಜ್ಞ. ಕುಶಾಲನಗರದ ಯೋಚನೆ ನನಗೂ ಬಂದಿತ್ತು. ಆದರೆ ಅಮ್ಮನಿಗೆ ಹಗಲಲ್ಲಿ ಏನಾದರೂ ಆದರೆ ಓಡಿ ಬರಲು ಮನೆ ಶಾಲೆಯ ಹತ್ತಿರವೇ ಇರಬೇಕು ಎನಿಸುತ್ತದೆ, ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲಿ ಕಳೆಯುವುದೂ ಕಷ್ಟ. ಮನೆಯ ಹಿಂಗೋಡೆಗೂ ಬರೆಗೂ ನಡುವೆ ಎಷ್ಟು ಜಾಗ ಇದೆ ಎಂದು ಇಂದು ಸಂಜೆ ಹೋಗಿ ಅಳೆಯುತ್ತೇನೆ.

ಕರಡಿಗೋಡಿನವಳು

ಬಾಡಿಗೆ ಕಡಿಮೆ ಎಂದು ಯಾರಾದರೂ ಸಿದ್ದಾಪುರದ ಕಡೆ ಬೆರಳು ತೋರಿಸುವ ಮೊದಲೇ ಹೇಳಿಬಿಡುತ್ತೇನೆ. ಮನೆ ಅಗ್ಗ, ನಿಜ. ಆದರೆ ಸಂಜೆ ಆರರ ಮೇಲೆ ತೋಟದ ದಾರಿಯಲ್ಲಿ ನಡೆಯುವ ಹಾಗಿಲ್ಲ. ಹಲಸು ಹಣ್ಣಾಗುವ ಕಾಲದಲ್ಲಂತೂ ಆನೆಗಳು ಮನೆಯಂಗಳಕ್ಕೇ ಬರುತ್ತವೆ. ವಾಸನೆಗೆ ಬರುತ್ತವೆ ಎಂದು ಎಷ್ಟೋ ಜನ ಹಲಸನ್ನು ಎಳೆಯದಾಗಿರುವಾಗಲೇ ಕಡಿದು ಹಾಕುತ್ತಾರೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕಳಿಸುವ ಮೊದಲು ‘ಆನೆ ಯಾವ ತೋಟದಲ್ಲಿದೆ’ ಎಂದು ಮೊಬೈಲ್ ನೋಡುವುದು ನಮ್ಮ ದಿನಚರಿ. ಹುಟ್ಟಿ ಬೆಳೆದವರಿಗೆ ಅಭ್ಯಾಸ ಆಗಿದೆ. ಹೊಸದಾಗಿ ಬಂದವರ ಮೇಲೆ ಇದನ್ನು ಹೊರಿಸಬಾರದು.

ನಾಲ್ಕನೇ ಬಾಡಿಗೆ ಮನೆ

ಎಲ್ಲರೂ ಮಣ್ಣು, ನೀರು, ಆನೆಯ ಬಗ್ಗೆ ಹೇಳಿದಿರಿ. ಮೇಷ್ಟ್ರು ಬರೆದ ಷರತ್ತಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ನನಗೆ ಅದೇ ಎಲ್ಲಕ್ಕಿಂತ ದೊಡ್ಡ ವಿಷಯ.

ಎರಡು ತಿಂಗಳು ಮನೆ ಬಿಟ್ಟುಕೊಡಿ ಎಂದರೆ ಏನು? ನಮ್ಮ ಮಂಚದ ಮೇಲೆ ಯಾರೋ ಮಲಗುತ್ತಾರೆ, ನಮ್ಮ ಒಲೆಯ ಮೇಲೆ ಯಾರೋ ಬೇಯಿಸುತ್ತಾರೆ, ದೇವರ ಗೂಡನ್ನು ಬಟ್ಟೆಯಿಂದ ಮುಚ್ಚಿ ಬರಬೇಕು. ಒಂಬತ್ತು ವರ್ಷದಲ್ಲಿ ನಾನು ನಾಲ್ಕು ಮನೆ ಬದಲಿಸಿದ್ದೇನೆ. ಮೂರರಲ್ಲಿ ಕಾರಣ ಒಂದೇ: ‘ಹೋಂಸ್ಟೇ ಮಾಡುತ್ತೇವೆ, ಖಾಲಿ ಮಾಡಿ.’ ಮೂರನೆಯ ಸಲ ಮಗನ ಹತ್ತನೇ ತರಗತಿ ಪರೀಕ್ಷೆಗೆ ಇಪ್ಪತ್ತು ದಿನವಿತ್ತು. ಪರೀಕ್ಷೆ ಮುಗಿಯುವವರೆಗೆ ಬಿಡಿ ಎಂದು ಕೈಮುಗಿದೆ. ಬೇಸಿಗೆ ರಜೆಗೆ ಮುಂಗಡ ಬುಕ್ಕಿಂಗ್ ಆಗಿದೆ ಎಂದರು. ಪುಸ್ತಕಗಳ ಪೆಟ್ಟಿಗೆಯ ಮೇಲೆ ಕುಳಿತು ಅವನು ಓದಿದ.

ಅಂಗಡಿಯವರು, ಬಸ್ಸಿನ ನಿರ್ವಾಹಕರು, ಆಸ್ಪತ್ರೆಯವರು, ಶಾಲೆಯವರು ಎಲ್ಲಿ ಇರಬೇಕು ಈ ಊರಿನಲ್ಲಿ?

ಮನೆ ಕೊಡುವವನು

ನಿಮ್ಮ ಮಗನಿಗೆ ಆದದ್ದು ತಪ್ಪು, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ನಮ್ಮ ಕಡೆಯದನ್ನೂ ಕೇಳಿ. ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಊರು ಇದು. ಪ್ರತಿ ಮೇ ತಿಂಗಳು ಹೆಂಚು ಕೈಯಾಡಿಸಬೇಕು, ತಾರಸಿಯ ಮೇಲೆ ಶೀಟು ಬೇಕು, ಗಾಳಿಗೆ ಹಾರಿದ ಶೀಟು ಮತ್ತೆ ಹೊದಿಸಬೇಕು, ಬಣ್ಣ ಎರಡು ವರ್ಷ ನಿಲ್ಲುವುದಿಲ್ಲ. ಹಿಂದಿನ ಬಾಡಿಗೆದಾರರು ಮಳೆಗಾಲದಲ್ಲಿ ಎರಡು ತಿಂಗಳು ಮನೆ ಮುಚ್ಚಿಕೊಂಡು ಊರಿಗೆ ಹೋದರು. ಬಂದಾಗ ಹಲಗೆಯ ಮಾಳಿಗೆ ಪೂರ್ತಿ ಕೊಳೆತಿತ್ತು. ದುರಸ್ತಿ ಖರ್ಚು ಅವರ ಮುಂಗಡಕ್ಕಿಂತ ಹೆಚ್ಚಾಯಿತು. ಕಾಫಿಗೆ ಒಂದು ವರ್ಷ ಬೆಲೆ ಇದ್ದರೆ ನಾಲ್ಕು ವರ್ಷ ಇರುವುದಿಲ್ಲ. ರಾತ್ರಿಗೆ 3,000 ಕೊಡುವವರು ಬಾಗಿಲಿಗೆ ಬಂದಾಗ ಬೇಡ ಎನ್ನುವ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಹಾಗಿದ್ದರೂ ನಾನು ಹದಿನಾಲ್ಕು ವರ್ಷದಿಂದ ಬಾಡಿಗೆಗೇ ಕೊಡುತ್ತಿದ್ದೇನೆ, ಪ್ರವಾಸಿಗರಿಗೆ ಕೊಟ್ಟಿಲ್ಲ.

ನಾಲ್ಕನೇ ಬಾಡಿಗೆ ಮನೆ

ನಿಮ್ಮಂಥವರು ನನಗೆ ಸಿಗಲಿಲ್ಲ ಸರ್. ಸಿಕ್ಕಿದ್ದರೆ ನಾನು ಇಷ್ಟು ಬಿರುಸಾಗಿ ಬರೆಯುತ್ತಿರಲಿಲ್ಲ. ದುರಸ್ತಿ ಖರ್ಚಿನ ಮಾತನ್ನು ಒಪ್ಪುತ್ತೇನೆ.

ಕಾಫಿಹೂವು

ನಮ್ಮದು ನೋಂದಣಿ ಇರುವ ಹೋಂಸ್ಟೇ. ಒಂದು ಮಾತು ಸೇರಿಸುತ್ತೇನೆ. ಹೋಂಸ್ಟೇ ಎಂದರೆ ಮನೆಯವರು ಅಲ್ಲೇ ಇದ್ದು ಉಳಿದ ಕೋಣೆಗಳನ್ನು ಅತಿಥಿಗಳಿಗೆ ಕೊಡುವುದು, ಅದಕ್ಕೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು. ಬಾಡಿಗೆದಾರರನ್ನು ಎಬ್ಬಿಸಿ ಬೀಗದ ಕೈಯನ್ನು ಪ್ರವಾಸಿಗರ ಕೈಗಿಡುವುದು ಹೋಂಸ್ಟೇ ಅಲ್ಲ. ಅದರಿಂದ ನಿಯಮದ ಪ್ರಕಾರ ನಡೆಸುವ ನಮಗೂ ಕೆಟ್ಟ ಹೆಸರು ಬರುತ್ತಿದೆ, ನನಗೆ ಇದು ತುಂಬಾ ನೋವಿನ ವಿಷಯ.

ಫೈಲು ಹೊತ್ತವನು

ಸರ್ಕಾರಿ ನೌಕರರ ಕಷ್ಟವನ್ನೂ ಬರೆಯುತ್ತೇನೆ. ನಮಗೆ ಮನೆ ಬಾಡಿಗೆ ಭತ್ಯೆ ನಿಗದಿಯಾಗುವುದು ಊರಿನ ಜನಸಂಖ್ಯೆ ನೋಡಿ. 2011ರ ಜನಗಣತಿಯಲ್ಲಿ ಮಡಿಕೇರಿಯ ಜನಸಂಖ್ಯೆ ಸುಮಾರು 33,000. ಹಾಗಾಗಿ ಭತ್ಯೆಯ ಅತ್ಯಂತ ಕೆಳಗಿನ ದರ ನಮ್ಮದು. ಇಲ್ಲಿ ಬಾಡಿಗೆ ಏರುತ್ತಿರುವುದು ಮೂವತ್ತು ಮೂರು ಸಾವಿರ ಜನರಿಂದಲ್ಲ, ವಾರಾಂತ್ಯಕ್ಕೆ ಬರುವ ಕಾರುಗಳಿಂದ. ಆ ಲೆಕ್ಕ ಯಾವ ಆದೇಶದಲ್ಲೂ ಇಲ್ಲ. ಮೈಸೂರಿನಲ್ಲಿ ಕೊಡುತ್ತಿದ್ದ ಬಾಡಿಗೆಯನ್ನೇ ಇಲ್ಲೂ ಕೊಡುತ್ತಿದ್ದೇನೆ, ಭತ್ಯೆ ಮಾತ್ರ ಕಡಿಮೆಯಾಗಿದೆ.

ಸಾಜಿದಾ, ಗೋಣಿಕೊಪ್ಪದಿಂದ ಬಂದವಳು

ನಾನು ಹಣದ ಮಾತಿಗೆ ಬರುವ ಮೊದಲೇ ಮನೆ ಕೈತಪ್ಪುತ್ತದೆ. ಫೋನಿನಲ್ಲಿ ‘ಬನ್ನಿ, ನೋಡಿ’ ಎನ್ನುತ್ತಾರೆ. ಹೆಸರು ಹೇಳಿದ ಮೇಲೆ ‘ಅಯ್ಯೋ, ಬೆಳಿಗ್ಗೆಯಷ್ಟೇ ಕೊಟ್ಟಾಯಿತು’ ಎನ್ನುತ್ತಾರೆ. ಒಂದೇ ಫಲಕ ಮೂರು ವಾರ ಅದೇ ಗೇಟಿನಲ್ಲಿ ತೂಗುತ್ತಿತ್ತು. ನಾನು ದಿನಾ ಅದರ ಮುಂದೆಯೇ ಕೆಲಸಕ್ಕೆ ನಡೆದು ಹೋಗುತ್ತಿದ್ದೆ. ಇದನ್ನೂ ಯಾರಾದರೂ ಬರೆಯಬೇಕು ಎಂದು ಬರೆದೆ.

ಸಿಸ್ಟರ್ 17

ಸಾಜಿದಾ, ಓದಿ ತಲೆತಗ್ಗಿಸಿದೆ. ಒಂಟಿಯಾಗಿರುವ ನಮಗೂ ‘ರಾತ್ರಿ ಪಾಳಿಯೇ? ಯಾರು ಬಂದು ಬಿಡುತ್ತಾರೆ?’ ಎಂದು ಕೇಳುತ್ತಾರೆ. ನಿಮ್ಮದು ಅದಕ್ಕಿಂತ ಕಠಿಣ. ನಮ್ಮ ವಸತಿಯ ಪಕ್ಕ ಎರಡು ಕೋಣೆಯ ಮನೆ ಮುಂದಿನ ತಿಂಗಳು ಖಾಲಿಯಾಗುತ್ತದೆ. ಆ ಅಜ್ಜಿ ಹೆಸರು ಕೇಳುವವರಲ್ಲ, ಚಪ್ಪಲಿ ಹೊರಗೆ ಬಿಡುತ್ತೀರಾ ಎಂದಷ್ಟೇ ಕೇಳುತ್ತಾರೆ. ನನಗೆ ಖಾಸಗಿಯಾಗಿ ಬರೆಯಿರಿ.

ಕರಾರುಪತ್ರ

ಕಾನೂನಿನ ವಿಷಯ ಒಂದಿಷ್ಟು ಸ್ಪಷ್ಟ ಮಾಡುತ್ತೇನೆ, ಇಪ್ಪತ್ತು ವರ್ಷದಿಂದ ಕರಾರು ಬರೆದುಕೊಡುತ್ತಿದ್ದೇನೆ.

ಹನ್ನೊಂದು ತಿಂಗಳ ಕರಾರು ಏಕೆ ಎಂದು ಎಲ್ಲರೂ ಕೇಳುತ್ತಾರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಕಡ್ಡಾಯವಾಗಿ ನೋಂದಾಯಿಸಬೇಕು. ಆ ಖರ್ಚು ತಪ್ಪಿಸಲು ಹನ್ನೊಂದು. ಅದರಿಂದ ನಷ್ಟವಾಗುವುದು ಹೆಚ್ಚಾಗಿ ಬಾಡಿಗೆದಾರರಿಗೆ, ಪ್ರತಿ ವರ್ಷ ಮನೆ ಅನಿಶ್ಚಿತ. ಮಕ್ಕಳ ಶಾಲೆ ಇರುವವರು ಮೂರು ವರ್ಷದ ಕರಾರು ಮಾಡಿಸಿ ನೋಂದಣಿ ಮಾಡಿಸುವುದು ಒಳ್ಳೆಯದು.

ಇನ್ನೊಂದು, ಈ ಊರಿಗೆ ಬೇಕಾದ್ದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿ ಎರಡು ರಕ್ಷಣೆಗಳಿವೆ. ಬೆಂಕಿ, ಬಿರುಗಾಳಿ, ಪ್ರವಾಹದಂಥವುಗಳಿಂದ ಮನೆಯ ಮುಖ್ಯ ಭಾಗ ಶಾಶ್ವತವಾಗಿ ವಾಸಕ್ಕೆ ಬಾರದಂತಾದರೆ, ಅದು ಬಾಡಿಗೆದಾರರ ತಪ್ಪಿನಿಂದ ಆಗದಿದ್ದರೆ, ಕರಾರನ್ನು ಮುಗಿಸುವ ಹಕ್ಕು ಬಾಡಿಗೆದಾರರಿಗಿದೆ. ಮಾಲೀಕರು ಮಾಡಿಸಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ ತಾವೇ ಮಾಡಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಆದರೆ ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಕರಾರಿನ ಮಾತೇ ನಡೆಯುತ್ತದೆ. ಆದ್ದರಿಂದ ಸಹಿ ಹಾಕುವ ಮೊದಲು ಪೂರ್ತಿ ಓದಿ. ಸೋರಿಕೆ, ತಡೆಗೋಡೆ, ಪಂಪು ಯಾರ ಖರ್ಚು ಎಂಬುದನ್ನು ಹೆಸರಿಟ್ಟು ಬರೆಸಿ.

ಬಾಗಿಲು ಬಿಗಿ

ಮುಂಗಡಕ್ಕೆ ಎರಡು ತಿಂಗಳ ಮಿತಿ ಇದೆಯಲ್ಲವೇ? ನಮ್ಮವರು ಹತ್ತು ತಿಂಗಳದ್ದು ಇಸಿದುಕೊಂಡಿದ್ದಾರೆ.

ಕರಾರುಪತ್ರ

ನೀವು ಹೇಳುತ್ತಿರುವುದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ. ಹೆಸರೇ ಹೇಳುವಂತೆ ಅದು ಮಾದರಿ, ರಾಜ್ಯ ಕಾನೂನು ಮಾಡಿದರೆ ಮಾತ್ರ ಜಾರಿ. ಅದನ್ನು ತೋರಿಸಿ ಜಗಳಕ್ಕೆ ಇಳಿಯಬೇಡಿ. ಮುಂಗಡವನ್ನು ಬ್ಯಾಂಕ್ ಮೂಲಕವೇ ಕೊಡಿ. ಬಿಡುವಾಗ ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ ಎಂದು ಮೊದಲೇ ಬರೆಸಿ. ಮನೆಗೆ ಬಂದ ದಿನ ಪ್ರತಿ ಗೋಡೆಯ ಚಿತ್ರ ತೆಗೆದು ಮಾಲೀಕರಿಗೆ ಕಳಿಸಿ.

ಫೈಲು ಹೊತ್ತವನು

ಕರಾರು ಕೈಗೆ ಬಂದ ಮೇಲೆ ಕರೆಂಟ್ ಬಿಲ್ಲಿನ ಆರ್.ಆರ್. ಸಂಖ್ಯೆ ಹಿಡಿದು ಗೃಹಜ್ಯೋತಿಗೂ ಅರ್ಜಿ ಹಾಕಿ. ಬಾಡಿಗೆದಾರರಿಗೂ ಸಿಗುತ್ತದೆ. ಹಿಂದಿನವರ ಹೆಸರು ತೆಗೆಸುವುದು ಬಾಕಿ ಇದೆಯೇ ನೋಡಿಕೊಳ್ಳಿ.

ಹೊಳೆದಂಡೆ

ಕರೆಂಟು ಇದ್ದರೆ ತಾನೇ. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕತ್ತಲೆ ಕಂಡಿದ್ದೇವೆ. ಬರೀ ಗೀಸರ್ ಇರುವ ಮನೆಗಿಂತ ಹೊರಗೆ ಸೌದೆ ಒಲೆ, ಹಂಡೆ ಇರುವ ಬಚ್ಚಲು ನೋಡಿ. ಬಟ್ಟೆ ಒಣಗಿಸುವುದಕ್ಕೂ ಅದೇ. ನಮ್ಮಲ್ಲಿ ಇದ್ದಿಲ ಅಗ್ಗಿಷ್ಟಿಕೆಯ ಮೇಲೆ ಬಿದಿರಿನ ಬುಟ್ಟಿ ಕವಿಚಿ ಮಗುವಿನ ಬಟ್ಟೆ ಹರಡುತ್ತೇವೆ, ಅರ್ಧ ಗಂಟೆಗೆ ಬೆಚ್ಚಗಾಗುತ್ತದೆ. ರಾತ್ರಿ ಕೋಣೆಯೊಳಗೇ ಇಟ್ಟುಕೊಂಡರೆ ಚಳಿಯೂ ಗೊತ್ತಾಗುವುದಿಲ್ಲ.

ಸಿಸ್ಟರ್ 17

ಕೊನೆಯ ಸಾಲನ್ನು ಯಾರೂ ಪಾಲಿಸಬೇಡಿ! ಬಾಗಿಲು ಕಿಟಕಿ ಹಾಕಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದಿಲ್ಲ. ಬಚ್ಚಲೊಳಗೆ ಇಟ್ಟ ಗ್ಯಾಸ್ ಗೀಸರ್‌ನಿಂದಲೂ ಇದೇ ಆಗುತ್ತದೆ, ಸಿಲಿಂಡರ್ ಮತ್ತು ಗೀಸರ್ ಎರಡೂ ಹೊರಗಿರಬೇಕು. ಅಗ್ಗಿಷ್ಟಿಕೆ ಜಗಲಿಯಲ್ಲಿರಲಿ. ಉಬ್ಬಸದ ಮಗು ಇರುವ ಮನೆಯಲ್ಲಿ ಹೊಗೆಯ ಹತ್ತಿರವೂ ಬೇಡ.

ಹೊಳೆದಂಡೆ

ನಮ್ಮಲ್ಲಿ ಹೆಂಚಿನ ಮಾಡು, ಗಾಳಿ ಆಡುತ್ತದೆ, ಅದಕ್ಕೇ ಇಷ್ಟು ದಿನ ಏನೂ ಆಗಿಲ್ಲ ಎಂದು ಈಗ ಹೊಳೆಯುತ್ತಿದೆ. ಯಾವ ಮನೆಯಲ್ಲೂ ಖಂಡಿತ ಮಾಡಬೇಡಿ. ಸಿಸ್ಟರ್‌ಗೆ ವಂದನೆ.

ಇಂಚು ಸೆಂಟು

ಮನೆ ನೋಡಲು ಹೋದಾಗ ಪಕ್ಕದ ಮನೆಯವರನ್ನೂ ಮಾತನಾಡಿಸಿ. ಮಾಲೀಕರು ‘ಸ್ವಲ್ಪ ತೇವ ಬರುತ್ತದೆ’ ಎನ್ನುವುದನ್ನೇ ಪಕ್ಕದವರು ‘ಬಕೆಟ್ ಇಡಬೇಕಾಗುತ್ತದೆ’ ಎನ್ನುತ್ತಾರೆ. ನಮ್ಮ ಅಜ್ಜ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಡೈರಿಯಲ್ಲಿ ಬರೆಯುತ್ತಿದ್ದರು. ಆ ಡೈರಿಯ ಅಂಚಿನಲ್ಲಿ ‘ಅಡುಗೆಮನೆ ಮೂಲೆ ಸೋರಿದೆ’ ಎಂಬ ಸಾಲು ಪ್ರತಿ ಜುಲೈಯಲ್ಲೂ ಇದೆ. ಮನೆಗಳೂ ಒಂದೇ ಜಾಗದಲ್ಲಿ ಸೋರುತ್ತವೆ. ಎಲ್ಲಿ ಎಂದು ಕೇಳಿ ತಿಳಿದುಕೊಂಡರೆ ಅರ್ಧ ಸಮಸ್ಯೆ ಮುಗಿಯಿತು.

ನೀರಿನ ಬಗ್ಗೆಯೂ ಕೇಳಿ. ಮಳೆ ಬರುವ ಊರು ಎಂದು ಹೊಸಬರು ನಂಬಿ ಮೋಸಹೋಗುವುದು ಇಲ್ಲೇ. ಕೂಟುಹೊಳೆಯಿಂದ ನೀರು ಗುಡ್ಡ ಹತ್ತಿ ಬರಬೇಕು. ಏಪ್ರಿಲ್‌ನಲ್ಲಿ ಎತ್ತರದ ಬಡಾವಣೆಗಳ ಕಷ್ಟ ಅಲ್ಲಿರುವವರಿಗೇ ಗೊತ್ತು.

ಕಾಫಿಹೂವು

ಒಳ್ಳೆಯ ಮಾಲೀಕರೂ ಇದ್ದಾರೆ ಎಂದು ಹೇಳಬೇಕು. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ನಮ್ಮ ಅತ್ತೆ ಬಾಡಿಗೆಗಿದ್ದ ಬ್ಯಾಂಕಿನ ಹುಡುಗಿಗೆ ಮದ್ದುಸೊಪ್ಪಿನ ಪಾಯಸ ಕೊಟ್ಟು ಕಳಿಸಿದರು. ಕಡು ನೇರಳೆ ಬಣ್ಣ ನೋಡಿ ಮೊದಲು ಹಿಂಜರಿದಳಂತೆ, ಆಮೇಲೆ ಎರಡು ಬಟ್ಟಲು ತಿಂದಳು. ಮರುದಿನ ಬೆಳಿಗ್ಗೆ ಮೂತ್ರ ಕೆಂಪಾಗಿದೆ ಎಂದು ಅಳುತ್ತಾ ಓಡಿ ಬಂದಳು. ಅದು ಸೊಪ್ಪಿನ ಬಣ್ಣ ಎಂದು ಹೇಳಲು ಅತ್ತೆ ಮರೆತಿದ್ದರು. ಅವಳು ವರ್ಗವಾಗಿ ಹೋಗಿ ಐದು ವರ್ಷವಾಯಿತು. ಪ್ರತಿ ಆಗಸ್ಟ್ 3ಕ್ಕೆ ಅತ್ತೆಗೆ ಫೋನ್ ಮಾಡುತ್ತಾಳೆ.

ಹಸಿರು ಛತ್ರಿ

ಮದ್ದುಸೊಪ್ಪಿಗೆ ಕಾಯಿಹಾಲು ಹಾಕಬೇಕೋ ಬೇಡವೋ ಎಂದು ನಮ್ಮ ಮನೆಯಲ್ಲಿ ಈಗಲೂ ತಗಾದೆ.

ಕಾಫಿಹೂವು

ಹಾಕಲೇಬೇಕು!

ಮಕ್ಕಂದೂರು ಕಡೆಯವ

ಮೇಷ್ಟ್ರೇ, ಬರೆ ಅಳೆದಿರಾ?

ರಾಣೆಬೆನ್ನೂರಿನ ಮೇಷ್ಟ್ರು

ಅಳೆದೆ. ಹಿಂಗೋಡೆಯಿಂದ ಬರೆಗೆ ಐದು ಅಡಿ. ತಡೆಗೋಡೆ ಇಲ್ಲ. ಬರೆಯ ಮೇಲೆ ನೀಲಿ ಪ್ಲಾಸ್ಟಿಕ್ ಹೊದಿಸಲು ಬಿದಿರಿನ ಗೂಟ ಹೊಡೆದ ಗುರುತುಗಳಿದ್ದವು, ಮೊದಲ ಸಲ ಹೋದಾಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಪಕ್ಕದ ಮನೆಯ ಅಜ್ಜ ಹೇಳಿದರು: ಕಳೆದ ಎರಡು ಮಳೆಗಾಲವೂ ಅಲ್ಲಿದ್ದವರು ಹಿಂದಿನ ಕೋಣೆಯಲ್ಲಿ ಮಲಗುತ್ತಿರಲಿಲ್ಲ. ಆ ಕೋಣೆಯನ್ನೇ ನಾನು ಅಮ್ಮನಿಗೆ ಎಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಕೈಕಾಲು ತಣ್ಣಗಾಯಿತು. ಹೆಂಚಿನ ಮನೆಗೂ ಹೋಗಿ ಅಂಗೈ ಒತ್ತಿದೆ. ತಣ್ಣಗಿತ್ತು, ಹುಡಿ ಅಂಟಿತು.

ಎರಡನ್ನೂ ಬಿಟ್ಟೆ. ಮತ್ತೆ ಹುಡುಕಬೇಕು.

ಮನೆ ಕೊಡುವವನು

ಪಕ್ಕದ ಅಜ್ಜ ಹೇಳಿದ್ದನ್ನು ಮಾಲೀಕರೇ ಹೇಳಬೇಕಿತ್ತು. ಅದು ಘೋರ ತಪ್ಪು, ಮಾಲೀಕನಾಗಿ ನಾನೇ ಹೇಳುತ್ತಿದ್ದೇನೆ. ನನ್ನ ಕೆಳಮನೆಯಲ್ಲಿರುವವರು ಮೇ 10ಕ್ಕೆ ಬಿಡುತ್ತಿದ್ದಾರೆ. 11,000, ಮುಂಗಡ ಐದು ತಿಂಗಳದ್ದು. ಪೂರ್ವಕ್ಕೆ ಎರಡು ಕಿಟಕಿ, ಎದುರು ಇನ್ನೆರಡು. ಮುಂಬಾಗಿಲಿಗೆ ಮೂರೇ ಮೆಟ್ಟಿಲು. ನಾನು ಹೇಳಿದ ಮೂವತ್ತು ವರ್ಷದ ಬರೆ ಮನೆಯ ಹಿಂದೆ ಇದೆ, ಮುಚ್ಚಿಡುವುದಿಲ್ಲ. ಹತ್ತು ಅಡಿ ಎತ್ತರ, ನಡುವೆ ಹದಿನೆಂಟು ಅಡಿ ಅಂಗಳ, ತಡೆಗೋಡೆಯಲ್ಲಿ ತೂತು ಇದೆ. ಇಂಜಿನಿಯರ್ ಸರ್ ಬಿಡುವಿದ್ದರೆ ಬಂದು ನೋಡಲಿ, ಅವರ ಮಾತಿಗೆ ನಾನು ಬದ್ಧ. ಏಪ್ರಿಲ್, ಮೇ ಷರತ್ತು ಇಲ್ಲ.

ಸೈಟ್ ಇಂಜಿನಿಯರ್

ಭಾನುವಾರ ಬರುತ್ತೇನೆ. ಮೇಷ್ಟ್ರೂ ಬರಲಿ.

ರಾಣೆಬೆನ್ನೂರಿನ ಮೇಷ್ಟ್ರು

ಭಾನುವಾರ ಹೋಗಿ ಬಂದೆವು. ಬರೆಯ ಮೇಲಿನ ಮರಗಳು ನೆಟ್ಟಗಿವೆ. ತಡೆಗೋಡೆಯ ಆರು ತೂತುಗಳಲ್ಲಿ ಎರಡು ಬೇರು ತುಂಬಿ ಮುಚ್ಚಿದ್ದವು. ಇಂಜಿನಿಯರ್ ಸರ್ ಕಬ್ಬಿಣದ ಸರಳು ತರಿಸಿ ಅಲ್ಲೇ ಬಿಡಿಸಿದರು, ಮಾಲೀಕರು ದೀಪ ಹಿಡಿದು ನಿಂತಿದ್ದರು. ಗುಡ್ಡದ ಮೇಲಿನ ಮನೆಯ ಬಚ್ಚಲು ನೀರಿಗೆ ಪೈಪು ಹಾಕಿಸುವ ಮಾತು ನಡೆದಿದೆ, ಅದು ಮಳೆಗೆ ಮುನ್ನ ಆಗಬೇಕು ಎಂದು ಕರಾರಿನಲ್ಲಿ ಬರೆಸಿದ್ದೇವೆ. ಅವಧಿ ಮೂರು ವರ್ಷ, ನೋಂದಣಿ ಖರ್ಚು ಇಬ್ಬರಿಗೂ ಅರ್ಧರ್ಧ. ಬಾಡಿಗೆ ವರ್ಷಕ್ಕೆ 500 ಹೆಚ್ಚು. ಎಲ್ಲ ಕೋಣೆಗಳ ಗೋಡೆಗೂ ಅಂಗೈ ಒತ್ತಿದೆ. ಬಚ್ಚಲಿನ ಒಂದು ಮೂಲೆ ಬಿಟ್ಟು ಎಲ್ಲ ಒಣಗಿವೆ.

ಸಾಜಿದಾ ಅವರಿಗೆ ಮನೆ ಸಿಕ್ಕಿತೇ?

ಸಾಜಿದಾ, ಗೋಣಿಕೊಪ್ಪದಿಂದ ಬಂದವಳು

ಅಜ್ಜಿ ಒಪ್ಪಿದ್ದಾರೆ ಸರ್. ಚಪ್ಪಲಿ ಹೊರಗೆ ಬಿಡುತ್ತೇನೆ ಎಂದೆ. ಒಂದನೇ ತಾರೀಕಿಗೆ ಹೋಗುತ್ತಿದ್ದೇನೆ.

ಕನ್ನಂಡಬಾಣೆಯ ಅಕ್ಕ

ಮೇಷ್ಟ್ರೇ, ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದೆ ಇಡಿ. ಸೌದೆಯನ್ನು ಮೇ ಮುಗಿಯುವ ಮೊದಲೇ ಕೊಂಡು ಒಳಗೆ ಪೇರಿಸಿ, ಜೂನ್‌ನಲ್ಲಿ ಸಿಗುವುದೆಲ್ಲ ಹಸಿ. ನಮ್ಮಲ್ಲಿ ಕಿತ್ತ ಕಾಫಿ ಗಿಡದ ಒಣ ಬುಡಗಳಿವೆ, ಒಂದು ಪಿಕಪ್ ಆಗುತ್ತದೆ. ಬೇಕಿದ್ದರೆ ಶನಿವಾರದೊಳಗೆ ಹೇಳಿ.